ನೀರು ಇಳಿಯಬೇಕಾದರೆ ಗಾಳಿ ಹೊರಬರಬೇಕು



ಪಾತಿಯಲ್ಲಿ ನೀರು ನಿಂತೊಡನೆ 'ಭೂಮಿ ಕುಡಿದು ತಣಿಯಿತು' ಎಂದು ಮಡೆ ತಿರುಗಿಸುವುದು ನಮ್ಮಲ್ಲಿ ರೂಢಿ. ಆದರೆ ಒಂದು ಗೇಣು ಅಗೆದು ನೋಡಿದರೆ ಅನೇಕ ವೇಳೆ ಕೆಳಗೆ ಒಣ ಮಣ್ಣೇ ಸಿಗುತ್ತದೆ. ಮೇಲೆ ನೀರು, ಕೆಳಗೆ ಬರ. ಇದಕ್ಕೆ ಒಂದು ಮುಖ್ಯ ಕಾರಣ ಮಣ್ಣಿನೊಳಗೆ ಸಿಕ್ಕಿಬಿದ್ದ ಗಾಳಿ.

ಈ ಸಂಗತಿ ಎರೆ ಭೂಮಿಯಲ್ಲಿ ಎದ್ದು ಕಾಣುತ್ತದೆ. ಆದುದರಿಂದ, ಕಾಫಿ–ಅಡಿಕೆಯ ಸೀಮೆಯಲ್ಲದಿದ್ದರೂ, ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರಗಳ ಹೊಲಗಳನ್ನೇ ಈ ಪಾಠಕ್ಕೆ ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಎರೆ ಮಣ್ಣಿನ ಗುಣ

ಕೃಷ್ಣಾ ನದಿಗೆ ನಾರಾಯಣಪುರದಲ್ಲಿ ಕಟ್ಟಿದ ಬಸವಸಾಗರದ ಎಡದಂಡೆ ಕಾಲುವೆಯಿಂದ ಈ ಹೊಲಗಳಿಗೆ 1980ರ ದಶಕದಿಂದೀಚೆಗೆ ನೀರು ಬಂದಿದೆ. ಎರೆಯ ಜೇಡಿ ಒಣಗಿದರೆ ಕುಗ್ಗಿ ಬಿರಿಯುತ್ತದೆ, ತೊಯ್ದರೆ ಉಬ್ಬುತ್ತದೆ. ಮೊದಲ ನೀರು ಬಿರುಕಿನಲ್ಲಿ ಸರಸರನೆ ಇಳಿಯುತ್ತದೆ. ಬಳಿಕ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ, ಹೆಂಟೆಗಳೊಳಗಿನ ಗಾಳಿ ಅಲ್ಲೇ ಉಳಿಯುತ್ತದೆ. ಒಣ ಹೆಂಟೆಗೆ ಒಮ್ಮೆಲೇ ನೀರು ನುಗ್ಗಿದರೆ ಒಳಗಿನ ಗಾಳಿಯ ಒತ್ತಡಕ್ಕೆ ಅದು ಒಡೆದು ಹುಡಿಯಾಗುತ್ತದೆ. ಆ ಹುಡಿ ಕೆಸರಾಗಿ ಮೇಲ್ಮೈಯ ರಂಧ್ರಗಳನ್ನು ಮುಚ್ಚುತ್ತದೆ.

ಅಂತರ್ಜಲ ಮೇಲೆ ಬಂದಿರುವ ಕಡೆ ಕಷ್ಟ ಇನ್ನೂ ಹೆಚ್ಚು. ಕೆಳಗೂ ನೀರು, ಮೇಲೂ ನೀರು. ನಡುವಿನ ಗಾಳಿ ಮುಚ್ಚಿದ ಗಡಿಗೆಯಲ್ಲಿದ್ದಂತೆ. ಕಾಲುವೆ ನೀರು ಅತಿಯಾಗಿ ಹರಿದು ಬಸಿಯದೆ ನಿಂತ ಹೊಲಗಳು ಜವಳಾಗಿವೆ. ಜವಳಾದ ನೆಲವನ್ನು ಮತ್ತೆ ಹದಕ್ಕೆ ತರುವುದು ಸುಲಭವಲ್ಲ.

ಲೆಕ್ಕದ ಮಾತು

ಮರಳಿನ ಮೂಲಕ ನೀರು ಹರಿಯುವ ನಿಯಮವನ್ನು ಫ್ರಾನ್ಸಿನ ಡಾರ್ಸಿ 1856ರಲ್ಲಿ ತಿಳಿಸಿದನು. ಒಣ ಮಣ್ಣಿಗೆ ನೀರು ಇಳಿಯುವ ಸರಳ ಲೆಕ್ಕವನ್ನು ಗ್ರೀನ್ ಮತ್ತು ಆಂಪ್ಟ್ 1911ರಲ್ಲಿ ಕೊಟ್ಟರು. 1931ರಲ್ಲಿ ರಿಚರ್ಡ್ಸ್ ಕೊಟ್ಟ ಸಮೀಕರಣ ಇಂದಿಗೂ ಬಳಕೆಯಲ್ಲಿದೆ. ಆದರೆ ಅದು ಗಾಳಿ ಅಡ್ಡಿಯಿಲ್ಲದೆ ಹೊರಹೋಗುತ್ತದೆಂದು ಭಾವಿಸುತ್ತದೆ. ಗಾಳಿ ಹೋಗದ ಕಡೆ ನೀರು, ಗಾಳಿ ಎರಡರ ಹರಿವನ್ನೂ ಕೂಡಿಯೇ ಲೆಕ್ಕ ಮಾಡಬೇಕಾಗುತ್ತದೆ.

ಗ್ರೀನ್–ಆಂಪ್ಟ್ ಲೆಕ್ಕ ಹೀಗಿದೆ:

ಇಳಿಯುವ ವೇಗ = ವಾಹಕ ಶಕ್ತಿ × (1 + ಎಳೆತ ÷ ತೊಯ್ದ ಆಳ)

ವಾಹಕ ಶಕ್ತಿ ಎಂದರೆ ತೊಯ್ದ ಮಣ್ಣು ನೀರನ್ನು ಬಿಟ್ಟುಕೊಡುವ ಪ್ರಮಾಣ. ಎಳೆತ ಎಂದರೆ ಕೆಳಗಿನ ಒಣ ಮಣ್ಣು ನೀರನ್ನು ಹೀರುವ ಬಲ. ಉದಾಹರಣೆಗೆ, ವಾಹಕ ಶಕ್ತಿ ಗಂಟೆಗೆ 4 ಮಿ.ಮೀ., ಎಳೆತ 300 ಮಿ.ಮೀ., ತೊಯ್ದ ಆಳ 100 ಮಿ.ಮೀ. ಎನ್ನೋಣ. ನೀರು ಗಂಟೆಗೆ 16 ಮಿ.ಮೀ. ಇಳಿಯುತ್ತದೆ. ಈಗ ಸಿಕ್ಕಿಬಿದ್ದ ಗಾಳಿ 150 ಮಿ.ಮೀ. ನೀರಿನ ಭಾರದಷ್ಟು ಹಿಂದಕ್ಕೆ ಒತ್ತಿದರೆ ಎಳೆತ ಅರ್ಧವಾಗಿ ವೇಗ 10 ಮಿ.ಮೀ.ಗೆ ಇಳಿಯುತ್ತದೆ. ಗಾಳಿಗುಳ್ಳೆಗಳು ರಂಧ್ರಗಳಲ್ಲಿ ನಿಂತು ವಾಹಕ ಶಕ್ತಿಯೂ ಅರ್ಧವಾದರೆ ಉಳಿಯುವುದು 5 ಮಿ.ಮೀ. ಮಾತ್ರ. ಉಳಿದ ನೀರು ಹರಿದುಹೋಗುತ್ತದೆ, ಇಲ್ಲವೇ ನಿಂತು ಬೇರನ್ನು ಕೊಳೆಸುತ್ತದೆ.

ಹೊರಹೋಗಬೇಕಾದ ಗಾಳಿಯೂ ಕಡಿಮೆಯಲ್ಲ. ನೂರರಲ್ಲಿ 30 ಪಾಲು ಗಾಳಿಯಿರುವ ಮಣ್ಣನ್ನು ಒಂದು ಅಡಿ ಆಳಕ್ಕೆ ಪೂರ್ತಿ ನೀರು ತುಂಬಿಸಬೇಕಾದರೆ, ಒಂದು ಎಕರೆಯಿಂದ ಸುಮಾರು ಮೂರೂವರೆ ಲಕ್ಷ ಲೀಟರಿಗೂ ಹೆಚ್ಚು ಗಾಳಿ ಹೊರಬರಬೇಕು.

ಮನೆಯಲ್ಲೇ ಪರೀಕ್ಷೆ

ಎರಡು ಪಾರದರ್ಶಕ ಬಾಟಲಿಗಳ ಮೇಲ್ಭಾಗ ಕತ್ತರಿಸಿ ತೆಗೆಯಿರಿ. ಒಂದರ ತಳಕ್ಕೆ ಐದಾರು ತೂತು ಮಾಡಿ, ಇನ್ನೊಂದನ್ನು ಹಾಗೆಯೇ ಬಿಡಿ. ತೋಟದ ಒಣ ಮಣ್ಣನ್ನು ಜರಡಿ ಹಿಡಿದು ಎರಡಕ್ಕೂ ಸಮನಾಗಿ ತುಂಬಿ. ತೂತಿನ ಬಾಟಲಿಯನ್ನು ಎರಡು ಕಡ್ಡಿಗಳ ಮೇಲಿಟ್ಟು, ಎರಡಕ್ಕೂ ಒಂದೇ ಅಳತೆಯ ನೀರನ್ನು ಒಮ್ಮೆಲೇ ಸುರಿಯಿರಿ. ತೂತಿರುವುದರಲ್ಲಿ ತೊಯ್ದ ಗೆರೆ ಬೇಗ ಇಳಿಯುತ್ತದೆ. ತಳ ಮುಚ್ಚಿದ್ದರಲ್ಲಿ ಅದು ತಡೆಯುತ್ತದೆ. ಗಾಳಿ ಗುಳ್ಳೆಗುಳ್ಳೆಯಾಗಿ ಮೇಲೆ ಬಂದಂತೆ ಮಾತ್ರ ನೀರು ಮುಂದುವರಿಯುತ್ತದೆ.

ತೋಟದಲ್ಲಿ ಅನುಸರಿಸಬೇಕಾದ ಕ್ರಮಗಳು

1. ಒಣಗಿದ ನೆಲಕ್ಕೆ ಒಂದೇ ಸಲ ನೀರು ತುಂಬಿಸಬೇಡಿ. ಮೊದಲು ಸ್ವಲ್ಪ ಕೊಟ್ಟು, ಕೆಲವು ಗಂಟೆ ಬಿಟ್ಟು, ಉಳಿದದ್ದನ್ನು ಕೊಡಿ.

2. ಸಾಲು ಕಾಲುವೆಯಲ್ಲಿ ನೀರು ಹಾಯಿಸುವವರು ಒಂದು ಸಾಲು ಬಿಟ್ಟು ಒಂದು ಸಾಲಿಗೆ ಹಾಯಿಸಿ. ಒಣ ಸಾಲಿನ ಮೂಲಕ ಗಾಳಿ ಹೊರಬೀಳುತ್ತದೆ.

3. ಜೇಡಿ ಮಣ್ಣಿಗೆ ಇಳಿಯುವ ಸ್ಥಿರ ವೇಗ ಗಂಟೆಗೆ 1ರಿಂದ 5 ಮಿ.ಮೀ.; ಮರಳು ಮಿಶ್ರಿತ ಗೋಡು ಮಣ್ಣಿಗೆ 20ರಿಂದ 30. ಹೂ ಬಿಡಿಸಲು ಕಾಫಿಗೆ ತುಂತುರು ನೀರಾವರಿ ಕೊಡುವಾಗ ಇದನ್ನು ನೆನಪಿಡಿ. ಗಿಡದಡಿ ನೀರು ನಿಲ್ಲತೊಡಗಿದರೆ ವೇಗ ಹೆಚ್ಚಾಯಿತೆಂದೇ ಅರ್ಥ.

4. ದರಗು, ಸೊಪ್ಪು, ಗೊಬ್ಬರ ಹಾಕಿ ನೆಲವನ್ನು ಮುಚ್ಚಿಡಿ. ಎರೆಹುಳುವಿನ ಬಿಲ, ಹಳೆಯ ಬೇರಿನ ದಾರಿಗಳೇ ಗಾಳಿಗೆ ಕಿಂಡಿ.

5. ಅಡಿಕೆ ತೋಟದ ಬಸಿಗಾಲುವೆ ಗಿಡ ನೆಟ್ಟ ಗುಂಡಿಯ ತಳಕ್ಕಿಂತ ಆಳವಾಗಿರಲಿ. ಮಳೆಗಾಲಕ್ಕೆ ಮುಂಚೆ ಹೂಳು ತೆಗೆಯಿರಿ.

6. ನೀರು ಕೊಟ್ಟ ಮರುದಿನ ಗುದ್ದಲಿ ಹಾಕಿ ತೊಯ್ದ ಆಳ ನೋಡಿ. ಮೇಲ್ಮೈ ನೋಡಿ ನಿರ್ಧರಿಸಬೇಡಿ.

ಮಣ್ಣಿಗೆ ನೀರು ಎಷ್ಟು ಬೇಕೋ ಬೇರಿಗೆ ಗಾಳಿಯೂ ಅಷ್ಟೇ ಬೇಕು. ನೀರು ಬಿಡುವಾಗ ಗಾಳಿಗೂ ದಾರಿ ಇಟ್ಟರೆ ಪಂಪಿನ ಖರ್ಚು ಉಳಿಯುತ್ತದೆ, ತೋಟವೂ ಉಳಿಯುತ್ತದೆ.