ಹಿಟ್ಟು ತಿಗಣೆಯೂ ಅದರ ಶತ್ರು ಕೀಟಗಳೂ



ಹಿಟ್ಟು ತಿಗಣೆ ಕಂಡ ಕೂಡಲೇ ಇಡೀ ತೋಟಕ್ಕೆ ಔಷಧಿ ಹೊಡೆಸಿದರೂ, ಕೆಲವು ವಾರಗಳಲ್ಲಿ ಅದು ಮೊದಲಿಗಿಂತ ಹೆಚ್ಚಾಗಿ ಮರಳುವುದುಂಟು. ಇದಕ್ಕೆ ಕಾರಣವೇನು?

ಅಮೆರಿಕದ ವಿಜ್ಞಾನಿ ಹಫೇಕರ್ ಅವರು 1958ರಲ್ಲಿ ಪ್ರಕಟಿಸಿದ ಪ್ರಯೋಗವೊಂದನ್ನು ಗಮನಿಸಿ. ಅವರು ಕಿತ್ತಳೆ ಹಣ್ಣುಗಳ ಮೇಲೆ ಹಣ್ಣು ತಿನ್ನುವ ನುಸಿಯನ್ನೂ, ಆ ನುಸಿಯನ್ನು ತಿನ್ನುವ ಭಕ್ಷಕ ನುಸಿಯನ್ನೂ ಬಿಟ್ಟರು. ಹಣ್ಣುಗಳು ಒತ್ತಾಗಿದ್ದಾಗ ಭಕ್ಷಕವು ಎಲ್ಲವನ್ನೂ ತಿಂದು, ಕೊನೆಗೆ ಆಹಾರವಿಲ್ಲದೆ ತಾನೂ ಸತ್ತಿತು. ಆಮೇಲೆ ಹಣ್ಣುಗಳನ್ನು ದೂರ ದೂರ ಇಟ್ಟು, ನಡುವೆ ವ್ಯಾಸಲೀನಿನ ತಡೆ ಹಾಕಿದರು. ಪೀಡೆ ನುಸಿಯು ನೂಲಿನೆಳೆ ಹಿಡಿದು ಗಾಳಿಯಲ್ಲಿ ತೇಲಿ ಹೊಸ ಹಣ್ಣು ಸೇರಿತು. ಭಕ್ಷಕವು ತಡವಾಗಿ ಹಿಂಬಾಲಿಸಿತು. ಹೀಗೆ ಎರಡೂ ಮೂರು ಬಾರಿ ಏರಿಳಿದು ಬಹುಕಾಲ ಜೊತೆಯಾಗಿ ಬಾಳಿದವು. ಅಲ್ಲಲ್ಲಿ ಚದುರಿ ಉಳಿದ ಪೀಡೆಯೇ ಶತ್ರುವನ್ನೂ ಉಳಿಸಿತು.

ನಮ್ಮ ರಾಜ್ಯದ ಉದಾಹರಣೆಯೂ ಇದೆ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಿಂದ ಮುಂದೆ ಹೆಸರಘಟ್ಟದಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಿದೆ. 1983ರಲ್ಲಿ ವೆಸ್ಟ್ ಇಂಡೀಸ್‌ನಿಂದ ಲೆಪ್ಟೊಮ್ಯಾಸ್ಟಿಕ್ಸ್ ಎಂಬ ಸಣ್ಣ ಕಣಜವನ್ನು ನಮ್ಮ ದೇಶಕ್ಕೆ ತರಿಸಲಾಯಿತು. ಸಂಸ್ಥೆಯ ವಿಜ್ಞಾನಿಗಳು ಇದನ್ನು ನಿಂಬೆ ತೋಟಗಳಲ್ಲಿ ಬಿಟ್ಟು ಹಿಟ್ಟು ತಿಗಣೆಯನ್ನು ಹತೋಟಿಗೆ ತಂದರು. ಇದೇ ತಿಗಣೆ ಕಾಫಿಗೂ ಬರುತ್ತದೆ. ಈ ಕಣಜ ಬಲಿತ ತಿಗಣೆಯೊಳಗೆ ಮೊಟ್ಟೆಯಿಟ್ಟರೆ, ಕಾಕ್ಸಿಡಾಕ್ಸಿನಾಯ್ಡಿಸ್ ಎಂಬ ಇನ್ನೊಂದು ಕಣಜ ಎಳೆಯ ಮರಿಗಳನ್ನು ಆರಿಸುತ್ತದೆ. ಆಹಾರ ಒಂದೇ ಆದರೂ ವಯಸ್ಸು ಬೇರೆಯಾದ್ದರಿಂದ ಪೈಪೋಟಿ ತಗ್ಗಿ, ಎರಡಕ್ಕೂ ಎಡೆಯಾಗುತ್ತದೆ.

ಇಡೀ ತೋಟಕ್ಕೆ ಒಮ್ಮೆಲೇ ಸಿಂಪಡಿಸಿದರೆ ಈ ಕಣಜಗಳೂ ಗುಲಗಂಜಿ ಹುಳುಗಳೂ ಸಾಯುತ್ತವೆ. ಬೇರಿನ ಬುಡದಲ್ಲೋ ಪಕ್ಕದ ತೋಟದಲ್ಲೋ ಉಳಿದ ತಿಗಣೆಯ ಮರಿಗಳು ಗಾಳಿಯಿಂದ, ಇರುವೆಗಳಿಂದ ಮತ್ತೆ ಹರಡುತ್ತವೆ. ಆಗ ಅವುಗಳನ್ನು ತಡೆಯುವವರಿರುವುದಿಲ್ಲ.

ಆದ್ದರಿಂದ ಬೆಳೆಗಾರರು ಹೀಗೆ ಮಾಡಬಹುದು:

1. ತಿಗಣೆ ಹತ್ತಿದ ಗಿಡಗಳನ್ನು ಗುರುತು ಮಾಡಿ, ಅವಕ್ಕೆ ಮಾತ್ರ ಔಷಧಿ ಹೊಡೆಯಿರಿ. ಅಡಿಕೆಯ ನಡುವಿನ ಕಾಫಿಗೂ ಇದೇ ಕ್ರಮ.

2. ಇರುವೆಗಳನ್ನು ಹತೋಟಿಯಲ್ಲಿಡಿ. ತಿಗಣೆಯ ಸಿಹಿದ್ರವದ ಆಸೆಗೆ ಅವು ಶತ್ರು ಕೀಟಗಳನ್ನು ಓಡಿಸುತ್ತವೆ.

3. ಕಣಜ ಅಥವಾ ಗುಲಗಂಜಿ ಹುಳು ಬಿಟ್ಟ ಭಾಗದಲ್ಲಿ ಸಿಂಪರಣೆ ನಿಲ್ಲಿಸಿ. ಅಲ್ಲೊಂದು ಇಲ್ಲೊಂದು ತಿಗಣೆ ಉಳಿದರೆ ಗಾಬರಿ ಬೇಡ. ಶತ್ರು ಕೀಟಕ್ಕೆ ಮುಂದಿನ ಹಂಗಾಮಿನವರೆಗೆ ಅದೇ ಆಹಾರ.