ಕೃಪೆ ಬೇರೆ, ಕೃಪಾಂಕ ಬೇರೆ



2024ರ ಎಸ್ಸೆಸ್ಸೆಲ್ಸಿ ಫಲಿತಾಂಶ ನಿಮಗೆ ನೆನಪಿರಬಹುದು. ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಕಣ್ಗಾವಲು ಬಂದಿತು, ಉತ್ತೀರ್ಣರ ಪ್ರಮಾಣ ಕುಸಿಯಿತು. ಮಂಡಳಿಯು ಕೃಪಾಂಕವನ್ನು ಶೇಕಡ 20ಕ್ಕೆ ಏರಿಸಿತು. ಅಷ್ಟು ಮಾಡಿದರೂ ಫಲಿತಾಂಶ ಶೇಕಡ 73.40.

ನಮ್ಮ ರಾಜರಾಜೇಶ್ವರಿನಗರದ ಮನೆಗಳಿಗೆ ಹೋದಾಗ, ದೇವರ ಕೃಪೆಯನ್ನೂ ಜನರು ಇಂಥದೇ ಎಂದು ತಿಳಿದಿರುವುದನ್ನು ಕಾಣುತ್ತೇನೆ. "ಕೈಲಾದಷ್ಟು ಒಳ್ಳೆಯವರಾಗಿರುತ್ತೇವೆ ಫಾದರ್, ಕಡಿಮೆ ಬಿದ್ದದ್ದನ್ನು ದೇವರು ತುಂಬುತ್ತಾರೆ" ಎನ್ನುತ್ತಾರೆ. ಮಾತಿನಲ್ಲಿ ವಿನಯವಿದೆ. ಆದರೆ ಧರ್ಮಸಭೆಯ ಬೋಧನೆ ಇದಲ್ಲ. ಕೃಪಾಂಕ ಸಿಗುವುದು ಗಡಿಯ ಹತ್ತಿರ ಬಂದವರಿಗೆ ಮಾತ್ರ. ಐದು ಅಂಕ ಪಡೆದವನಿಗೆ ಅದರಿಂದ ಏನೂ ಆಗದು. ಹಾಗಾದರೆ ಕುಡಿತ ಬಿಡಲಾಗದ ಗಂಡ, ಇಪ್ಪತ್ತು ವರ್ಷಗಳಿಂದ ಪಾಪನಿವೇದನೆಗೆ ಬಾರದ ಹೆಂಗಸು ಎಲ್ಲಿಗೆ ಹೋಗಬೇಕು?

ಐದನೆಯ ಶತಮಾನದಲ್ಲಿ ಸಂತ ಅಗಸ್ಟೀನರು ಪೆಲಾಜಿಯಸನನ್ನು ಎದುರಿಸಿದ್ದು ಇದೇ ಪ್ರಶ್ನೆಯ ಮೇಲೆ. 529ರಲ್ಲಿ ಆರೆಂಜ್ ಧರ್ಮಪರಿಷತ್ತು, ದೇವರನ್ನು ನಂಬಬೇಕೆಂಬ ಮೊದಲ ಬಯಕೆ ಕೂಡ ಕೃಪೆಯ ಕೆಲಸವೇ ಎಂದು ಸಾರಿತು. ನಾವು ಹೆಜ್ಜೆ ಇಟ್ಟ ಮೇಲೆ ದೇವರು ಕೈ ನೀಡುವುದಲ್ಲ, ಹೆಜ್ಜೆ ಎತ್ತಿಸುವವರೇ ಅವರು. ಟ್ರೆಂಟ್ ಪರಿಷತ್ತು 1547ರಲ್ಲಿ ಇದನ್ನೇ ಬೋಧಿಸಿತು. ಲೂಥರನ್ ಸಭೆಗಳೊಂದಿಗೆ ಈ ವಿಷಯದಲ್ಲಿ ಒಮ್ಮತದ ಘೋಷಣೆಗೆ ಸಹಿ ಬಿದ್ದದ್ದು ಮಾತ್ರ 1999ರ ಅಕ್ಟೋಬರ್ 31ರಂದು, ಆಗ್ಸ್‌ಬರ್ಗಿನಲ್ಲಿ. ನಾಲ್ಕೂವರೆ ಶತಮಾನ ಬೇಕಾಯಿತು!

ನಮ್ಮ ಹಿರಿಯರು ಕೃಪೆಯನ್ನು 'ವರಪ್ರಸಾದ' ಎಂದು ಕರೆದರು. ವರಕ್ಕಾಗಲಿ ಪ್ರಸಾದಕ್ಕಾಗಲಿ ಕೂಲಿ ಎಂಬ ಅರ್ಥವಿಲ್ಲ. ತೊಟ್ಟಿಲ ಕೂಸಿಗೆ ಜ್ಞಾನಸ್ನಾನ ಕೊಡುತ್ತೇವಲ್ಲ, ಅದು ಯಾವ ಪುಣ್ಯಕಾರ್ಯ ಮಾಡಿತ್ತು?

ಹಾಗಾದರೆ ಸತ್ಕಾರ್ಯಗಳು ಬೇಡವೇ ಎಂದು ಕೇಳುವಿರಿ. ಬೇಕು. ಪರಿಷತ್ತುಗಳೂ ಅವನ್ನು ಎಂದೂ ಕೈಬಿಡಲಿಲ್ಲ. ಆದರೆ ಮಗನಾಗುವುದಕ್ಕಾಗಿ ದುಡಿಯುವುದು ಒಂದು, ಮಗನಾದ್ದರಿಂದ ದುಡಿಯುವುದು ಇನ್ನೊಂದು. ಸಂತ ಲೂಕರ ಶುಭಸಂದೇಶದ 15ನೆಯ ಅಧ್ಯಾಯದ ಹಿರಿಯ ಮಗನನ್ನು ನೋಡಿ. ಅವನು ಮನೆ ಬಿಡಲಿಲ್ಲ, ತಂದೆಯ ಮಾತು ಮೀರಲಿಲ್ಲ. ಆದರೂ ಆಳಿನಂತೆ ಲೆಕ್ಕ ಇಟ್ಟುಕೊಂಡು, ತಮ್ಮನಿಗಾಗಿ ಔತಣ ನಡೆಯುವಾಗ ಅಂಗಳದಲ್ಲೇ ನಿಂತುಬಿಟ್ಟ. ತಪ್ಪದೆ ಪೂಜೆಗೆ ಬರುವ ನಮಗೆ ಕಿರಿಯವನಿಗಿಂತ ಇವನೇ ಹತ್ತಿರದ ನೆಂಟನೆಂದು ನನಗನ್ನಿಸುತ್ತದೆ.

ಮಕ್ಕಳು ಈ ಲೆಕ್ಕವನ್ನು ಮನೆಯಲ್ಲೇ ಕಲಿಯುತ್ತಾರೆ. ಶೇಕಡ 90 ಬಂದರೆ ಅಪ್ಪಿಕೊಳ್ಳುವುದು, 50 ಬಂದರೆ ಮೂರು ದಿನ ಮಾತು ಬಿಡುವುದು. ಇಂಥ ಮನೆಯಲ್ಲಿ ಬೆಳೆದ ಹುಡುಗಿಗೆ 'ದೇವರು ನಮ್ಮ ತಂದೆ' ಎಂದು ಉಪದೇಶ ತರಗತಿಯಲ್ಲಿ ಹೇಳಿದರೆ, ಅವಳ ಕಣ್ಣಮುಂದೆ ಯಾವ ತಂದೆ ಬಂದಾನು? ಮುಂದಿನ ಫಲಿತಾಂಶದ ದಿನ ಅಂಕ ಕೇಳುವುದಕ್ಕೆ ಮೊದಲು ಅವಳನ್ನು ಊಟಕ್ಕೆ ಕರೆಯಿರಿ.