ಅಧ್ಯಯನ ಪಾಠ: ಸೋರಿಕೆಯ ಪ್ರತಿಯೂ ದೃಢೀಕೃತ ಪ್ರತಿಯೂ



ಚರಂಡಿ ಕಾಮಗಾರಿಯೊಂದರ ಬಿಲ್ಲಿನ ಜೆರಾಕ್ಸ್ ಪ್ರತಿಯನ್ನು ಯಾರೋ ಸದಸ್ಯರ ಕೈಗಿತ್ತು, ತಮ್ಮ ಹೆಸರು ಹೇಳಬಾರದೆಂದು ಕೋರುತ್ತಾರೆ ಎಂದಿಟ್ಟುಕೊಳ್ಳೋಣ. ಕಾಗದದ ಪ್ರಕಾರ ಹಣ ಪಾವತಿಯಾಗಿದೆ. ಸ್ಥಳದಲ್ಲಿ ಚರಂಡಿ ಇಲ್ಲ. ಆ ಪ್ರತಿಯನ್ನು ಸಾಮಾನ್ಯ ಸಭೆಯಲ್ಲಿ ಎತ್ತಿ ತೋರಿಸಬಹುದೇ? ವಾಟ್ಸಾಪ್ ಗುಂಪಿಗೆ ಕಳುಹಿಸಬಹುದೇ? ಈ ಪ್ರಶ್ನೆಗೆ ಉತ್ತರ ಹುಡುಕಲು ನಮ್ಮ ರಾಜ್ಯದ್ದೇ ಆದ ಒಂದು ನಿದರ್ಶನ ನೆರವಾಗುತ್ತದೆ.

ಅಂದಿನ ಲೋಕಾಯುಕ್ತರಾದ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರು ಅಕ್ರಮ ಗಣಿಗಾರಿಕೆ ಕುರಿತ ತಮ್ಮ ಅಂತಿಮ ವರದಿಯನ್ನು 2011ರ ಜುಲೈ 27ರಂದು ಸರ್ಕಾರಕ್ಕೆ ಸಲ್ಲಿಸಿದರು. ಅದಕ್ಕೂ ಕೆಲವು ದಿನ ಮೊದಲೇ ವರದಿಯ ಭಾಗಗಳು ಸೋರಿಕೆಯಾಗಿ ಮಾಧ್ಯಮಗಳಲ್ಲಿ ಪ್ರಕಟವಾಗಿದ್ದವು. ಸೋರಿದ್ದು ಹೇಗೆ, ಸೋರಿಸಿದವರು ಯಾರು ಎಂಬ ಚರ್ಚೆಯೇ ಆಗ ಮುನ್ನೆಲೆಗೆ ಬಂದಿತು. ಆದರೆ ವರದಿಯ ಬಲವಿದ್ದುದು ಸೋರಿಕೆಯಲ್ಲಲ್ಲ, ಅದರ ಲೆಕ್ಕದಲ್ಲಿ. ಅರಣ್ಯಾಧಿಕಾರಿ ಡಾ. ಯು.ವಿ. ಸಿಂಗ್ ಅವರ ತಂಡವು ಬಂದರುಗಳಿಂದ ಹೊರಹೋದ ಅದಿರಿನ ಪ್ರಮಾಣವನ್ನೂ, ಸಾಗಣೆಗೆ ನೀಡಲಾಗಿದ್ದ ಪರವಾನಗಿಗಳ ಪ್ರಮಾಣವನ್ನೂ ಅಕ್ಕಪಕ್ಕದಲ್ಲಿಟ್ಟು ತಾಳೆ ನೋಡಿತು. ಪರವಾನಗಿ ಇಲ್ಲದೆ ರಫ್ತಾದ ಅದಿರು ಸುಮಾರು 2.98 ಕೋಟಿ ಟನ್ ಎಂದು ಆ ತಾಳೆಯಿಂದ ಹೊರಬಂದಿತು. ಎರಡು ಕಚೇರಿಗಳ ಎರಡು ಪುಸ್ತಕಗಳು ಒಂದೇ ಮೇಜಿನ ಮೇಲೆ ಕೂಡಿದವು, ಅಷ್ಟೇ. ಗ್ರಾಮ ಪಂಚಾಯಿತಿಯಲ್ಲಿಯೂ ಇದೇ ಕ್ರಮ ಅನ್ವಯಿಸುತ್ತದೆ: ಅಂದಾಜು ಪಟ್ಟಿ, ಅಳತೆ ಪುಸ್ತಕ, ವೋಚರ್ ಇವುಗಳನ್ನು ಒಟ್ಟಿಗೆ ಓದಿದವರಿಗೆ ಕಾಣುವುದು, ಬಿಲ್ಲೊಂದನ್ನೇ ಓದಿದವರಿಗೆ ಕಾಣದು.

ಸೋರಿಕೆಯ ಪ್ರತಿಗೆ ಬೆಲೆಯೇ ಇಲ್ಲವೆಂದು ಇದರ ಅರ್ಥವಲ್ಲ. ರಫೇಲ್ ವಿಮಾನ ಖರೀದಿಯ ಮರುಪರಿಶೀಲನಾ ಅರ್ಜಿಯಲ್ಲಿ, ಪತ್ರಿಕೆಯಲ್ಲಿ ಪ್ರಕಟವಾಗಿದ್ದ ಕಡತಗಳನ್ನು ನ್ಯಾಯಾಲಯ ಪರಿಶೀಲಿಸಬಾರದೆಂದು ಕೇಂದ್ರ ಸರ್ಕಾರ ಎತ್ತಿದ್ದ ಆಕ್ಷೇಪಣೆಯನ್ನು ಸರ್ವೋಚ್ಚ ನ್ಯಾಯಾಲಯವು 2019ರ ಏಪ್ರಿಲ್ 10ರಂದು ತಳ್ಳಿಹಾಕಿತು. ಆದರೆ ಆ ಅರ್ಜಿಯೇ ಅದೇ ವರ್ಷದ ನವೆಂಬರ್‌ನಲ್ಲಿ ವಜಾಗೊಂಡಿತು. ಕಾಗದವು ಪರಿಶೀಲನೆಗೆ ಒಳಪಡುವುದು ಬೇರೆ, ಆರೋಪವು ರುಜುವಾತಾಗುವುದು ಬೇರೆ.

ಆದುದರಿಂದ ಕೈಗೆ ಬಂದ ಜೆರಾಕ್ಸನ್ನು ಸುಳಿವೆಂದು ಮಾತ್ರ ಭಾವಿಸುವುದು ಸೂಕ್ತ. ಅದರಲ್ಲಿರುವ ಬಿಲ್ಲಿನ ಸಂಖ್ಯೆ, ದಿನಾಂಕ, ಕಾಮಗಾರಿಯ ಹೆಸರನ್ನು ನಮೂದಿಸಿ ಮಾಹಿತಿ ಹಕ್ಕು ಅಧಿನಿಯಮ, 2005ರ ಕಲಂ 6ರ ಅಡಿ ಅರ್ಜಿ ಸಲ್ಲಿಸಿ ದೃಢೀಕೃತ ಪ್ರತಿ ಪಡೆಯತಕ್ಕದ್ದು. ಸದಸ್ಯರೂ ನಾಗರಿಕರೇ, ಅರ್ಜಿಗೆ ಅಡ್ಡಿಯಿಲ್ಲ. ಶುಲ್ಕ 10 ರೂಪಾಯಿ, ಪ್ರತಿ ಪುಟಕ್ಕೆ 2 ರೂಪಾಯಿ. ರಾಜ್ಯದ ನಿಯಮಗಳಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, 150 ಪದ ಮೀರಬಾರದು. ಹತ್ತು ಕಾಮಗಾರಿಗಳನ್ನು ಒಂದೇ ಅರ್ಜಿಯಲ್ಲಿ ತುಂಬಿ ತಿರಸ್ಕೃತರಾಗುವುದಕ್ಕಿಂತ ಒಂದನ್ನೇ ನಿಖರವಾಗಿ ಕೇಳುವುದು ಲೇಸು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಕಲಂ 19ರಂತೆ ಮೇಲ್ಮನವಿ ಸಲ್ಲಿಸಬಹುದು. ಸಕಾರಣವಿಲ್ಲದೆ ವಿಳಂಬಿಸಿದ ಮಾಹಿತಿ ಅಧಿಕಾರಿಗೆ ಆಯೋಗವು ದಿನಕ್ಕೆ 250 ರೂಪಾಯಿಯಂತೆ ಗರಿಷ್ಠ 25,000 ರೂಪಾಯಿ ದಂಡ ವಿಧಿಸಬಲ್ಲದು.

ಕಲಂ 2(ಞ) ನಮ್ಮವರು ಕಡಿಮೆ ಬಳಸುವ ಕಲಂ. ಕಾಗದದ ಪ್ರತಿ ಮಾತ್ರವಲ್ಲ, ಕಾಮಗಾರಿಯನ್ನೇ ಪರಿವೀಕ್ಷಿಸುವ ಮತ್ತು ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕು ಅದರಲ್ಲಿದೆ. ಕಾಂಕ್ರೀಟಿನ ಗುಣಮಟ್ಟದ ಬಗ್ಗೆ ಸಭೆಯಲ್ಲಿ ವಾದಿಸುವ ಬದಲು ಮಾದರಿಯನ್ನೇ ಕೇಳಬಹುದು.

ಪ್ರತಿ ಕೊಟ್ಟ ವ್ಯಕ್ತಿಯ ಹೆಸರನ್ನು ಎಲ್ಲಿಯೂ ಹೇಳಬೇಕಾಗಿಲ್ಲ. ಅರ್ಜಿಗೆ ಕಾರಣ ಕೊಡಬೇಕಿಲ್ಲವೆಂದು ಕಲಂ 6(2) ಸ್ಪಷ್ಟಪಡಿಸಿದೆ. ಫಲಾನುಭವಿಗಳ ಆಧಾರ್ ಹಾಗೂ ಬ್ಯಾಂಕ್ ಖಾತೆ ಸಂಖ್ಯೆಗಳಿರುವ ಪುಟಗಳನ್ನು ವಾಟ್ಸಾಪ್‌ಗೆ ಹಾಕುವುದು ಮಾತ್ರ ಸರ್ವಥಾ ಸಲ್ಲದು. ಅಂತಹ ಅಂಶಗಳನ್ನು ಪ್ರತ್ಯೇಕಿಸಿ ಉಳಿದುದನ್ನು ನೀಡಲು ಕಲಂ 10ರಲ್ಲಿ ಅವಕಾಶವಿದೆ.

ಇದು ಕೇಳುವವರ ಮಾತಾಯಿತು. ಪಂಚಾಯಿತಿಯೂ ಕೊಡಬೇಕಾದ ಸಂಸ್ಥೆ ಎಂಬುದನ್ನು ಸದಸ್ಯರು ಮರೆಯಬಾರದು. ಕಲಂ 4(1)(ಬಿ)ಯಲ್ಲಿ ಹೇಳಿದ 17 ಬಗೆಯ ಮಾಹಿತಿಯನ್ನು ಯಾರೂ ಕೇಳದೆಯೇ ಪ್ರಕಟಿಸತಕ್ಕದ್ದು. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ನಡೆಯುವ ಜಮಾಬಂದಿಯು ಕೇಂದ್ರದ ಅಧಿನಿಯಮಕ್ಕೂ ಮೊದಲೇ ನಮ್ಮ ರಾಜ್ಯ ರೂಪಿಸಿಕೊಂಡ ವ್ಯವಸ್ಥೆ. ಹಿಂದಿನ ವರ್ಷದ ಲೆಕ್ಕಪತ್ರ ಮತ್ತು ಕಾಮಗಾರಿಗಳು ಅಂದು ಜನರೆದುರು ತೆರೆದುಕೊಳ್ಳಬೇಕು. ಅದನ್ನು ಸಹಿ ಹಾಕುವ ಶಾಸ್ತ್ರವಾಗಿಸಿದಲ್ಲಿ ಕಡತ ಹಿಂಬಾಗಿಲಿನಿಂದ ಹೊರಹೋಗುವುದು ಸಹಜ.

ನಗರದಂಚಿನ ಪಂಚಾಯಿತಿಗಳಿಗೆ ಇನ್ನೂ ಒಂದು ಮಾತು. ವಿಜಯನಗರ, ಬಸವೇಶ್ವರನಗರಗಳಿಂದ ಮಾಗಡಿ ರಸ್ತೆ, ಮೈಸೂರು ರಸ್ತೆಗಳ ಗುಂಟ ಹೊರಟರೆ, ನಗರ ಮುಗಿದು ಪಂಚಾಯಿತಿ ಆರಂಭವಾಗುವ ಗಡಿ ಹೊರಹೊರಕ್ಕೆ ಸರಿಯುತ್ತಲೇ ಇದೆ. 2007ರಲ್ಲಿ ಕೆಂಗೇರಿ ಪುರಸಭೆ, 7 ನಗರಸಭೆಗಳು ಹಾಗೂ 110 ಗ್ರಾಮಗಳು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿದವು. ಹೀಗೆ ಸೇರಿದ ಊರಿನಲ್ಲಿ ಖಾತೆಯ ತಕರಾರು ಬಂದಾಗ ನಿವೇಶನದಾರ ಹುಡುಕುವುದು ಹಳೆಯ ಪಂಚಾಯಿತಿಯ ತೆರಿಗೆ ಬೇಡಿಕೆ ವಹಿಯನ್ನು. ವಹಿ ಸಿಕ್ಕರೆ ಮನೆಯ ಹಕ್ಕಿಗೆ ಆಧಾರವುಂಟು. ಸಿಗದಿದ್ದರೆ ವರ್ಷಗಟ್ಟಲೆ ಅಲೆದಾಟ. ದಾಖಲೆಗಳನ್ನು ಪಟ್ಟಿ ಮಾಡಿ, ಸೂಚಿ ಸಹಿತ ಕಾಪಾಡಬೇಕೆಂದು ಕಲಂ 4(1)(ಎ) ವಿಧಿಸಿದೆ. ಬೀರುವಿನಲ್ಲಿ ಯಾವ ವರ್ಷದ ಯಾವ ವಹಿ ಇದೆ, ಯಾವುದು ಇಲ್ಲ ಎಂಬ ಪಟ್ಟಿಯನ್ನು ಮುಂದಿನ ಸಾಮಾನ್ಯ ಸಭೆಯಲ್ಲಿ ಮಂಡಿಸುವಂತೆ ಸದಸ್ಯರು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರನ್ನು ಕೋರಿ, ನಡವಳಿಯಲ್ಲಿ ದಾಖಲಿಸುವುದು.